ಅಟ್ಟದಿಂದಿಳಿದ ಗರಗಸ

ಕೇಳುಗರಿಗೆ ನಮಸ್ಕಾರ.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಚೈನ್ ಸಾ ಇಳಿಸಿದವರು ಮೊದಲು ಮಾಡುವ ಕೆಲಸ ಸಾಮಾನ್ಯವಾಗಿ ಒಂದೇ. ಧೂಳು ಕೊಡವಿ, ಪ್ಲಗ್ಗಿನ ತೂತಿಗೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟು, ಹಗ್ಗ ಎಳೆಯುವುದು. ಐದನೇ ಎಳೆತಕ್ಕೆ ಅದು ಒದರಿಬಿಟ್ಟರೆ ಮನೆಯವರೆಲ್ಲ ಅಂಗಳಕ್ಕೆ ಬರುತ್ತಾರೆ. ಎಷ್ಟೋ ಹಳೆಯ ಗರಗಸಗಳ ಪಿಸ್ಟನ್ ಸೀಜ್ ಆಗುವುದು, ಅಂದರೆ ಸಿಲಿಂಡರಿನಲ್ಲಿ ಕಚ್ಚಿ ನಿಲ್ಲುವುದು, ಆ ಸಂಭ್ರಮದ ಎರಡು ನಿಮಿಷದಲ್ಲೇ.

ಕಾರಣ ಸರಳ. ಟೂ-ಸ್ಟ್ರೋಕ್ ಇಂಜಿನ್ನಿಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ, ಪೆಟ್ರೋಲಿನ ಜೊತೆ ಬಂದ ಎಣ್ಣೆಯೇ ಅದಕ್ಕೆ ಜೀವ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲು ಒಣಗಿ ಗಟ್ಟಿಯಾಗಿದ್ದರೆ, ಆ ಸಂದಿಯಿಂದ ಬರಿಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಇಂಜಿನ್ ಮಾತ್ರ ಹುಚ್ಚು ವೇಗದಲ್ಲಿ ಚೆನ್ನಾಗಿಯೇ ಓಡುವಂತೆ ಕೇಳಿಸುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವುದು ಕೊನೆಯ ಕೆಲಸ.

ಉದಾಹರಣೆಗೆ ಸ್ಟಿಲ್ 070 ಇಟ್ಟುಕೊಳ್ಳೋಣ. 58 ಮಿ.ಮೀ. ಬೋರು (ಸಿಲಿಂಡರಿನ ಒಳವ್ಯಾಸ), 40 ಮಿ.ಮೀ. ಸ್ಟ್ರೋಕು (ಪಿಸ್ಟನ್ನಿನ ಓಡಾಟ), ಸುಮಾರು 106 ಸಿಸಿ. ದೊಡ್ಡ ದಿಮ್ಮಿ ಕೊಯ್ಯಲೆಂದೇ ಮಾಡಿದ ಜರ್ಮನ್ ಯಂತ್ರ. ಇದರ ಚೀನೀ ನಕಲುಗಳು ಇಂದಿಗೂ ತಯಾರಾಗುವುದರಿಂದ ಬಿಡಿಭಾಗಕ್ಕೆ ಬರವಿಲ್ಲ. ಜಾವಾ, ಯೆಜ್ಡಿ ಬಿಚ್ಚಿ ಜೋಡಿಸಿದ ಕೈಗೆ ಇದರ ಮುಕ್ಕಾಲು ಭಾಗ ಪರಿಚಿತವೇ.

ಮೊದಲು ಸೈಲೆನ್ಸರ್ ಬಿಚ್ಚಿ. ಎಕ್ಸಾಸ್ಟ್ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ, ಹಗ್ಗವನ್ನು ಮೆಲ್ಲಗೆ ಎಳೆದು ಅದನ್ನು ಮೇಲೆ ಕೆಳಗೆ ಆಡಿಸಿ. ನುಣುಪಾಗಿ, ಸಣ್ಣ ಅಡ್ಡಗೆರೆಗಳೊಂದಿಗೆ ಕಂಡರೆ ಒಳ್ಳೆಯದು. ಉದ್ದುದ್ದ ಗೀರು ಎಕ್ಸಾಸ್ಟ್ ಬದಿಯಲ್ಲಷ್ಟೇ ಇದ್ದರೆ ಎಣ್ಣೆ ಸಾಲದೆ ಅಥವಾ ಗಾಳಿ ಸೋರಿ ಬಿಸಿಯಾಗಿದೆ ಎಂದರ್ಥ. ಕಾರ್ಬುರೇಟರ್ ಬದಿಯಲ್ಲೂ ಗೀರಿದ್ದರೆ ಹರಿದ ಏರ್ ಫಿಲ್ಟರಿನಿಂದ ಧೂಳು ನುಗ್ಗಿರುವ ಸಂಭವವೇ ಹೆಚ್ಚು. ಆಮೇಲೆ ಕಂಪ್ರೆಷನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಆರು ಸಲ ಎಳೆಯಿರಿ. 150 ಪಿಎಸ್‌ಐ ಆಸುಪಾಸು ಬಂದರೆ ಆರೋಗ್ಯ, 100ರ ಕೆಳಗಿದ್ದರೆ ರಿಂಗು, ಪಿಸ್ಟನ್ ನೋಡಲೇಬೇಕು.

ಪಿಸ್ಟನ್ ಕೆಟ್ಟಿದ್ದರೂ ಸಿಲಿಂಡರ್ ಬಿಸಾಡಬೇಡಿ. ಒಳಗೋಡೆಗೆ ಗಟ್ಟಿ ಕ್ರೋಮ್ ಲೇಪ ಇರುತ್ತದೆ. ಗೀರಿನಂತೆ ಕಾಣುವುದು ಬಹಳ ಸಲ ಪಿಸ್ಟನ್ನಿನಿಂದ ಮೆತ್ತಿಕೊಂಡ ಅಲ್ಯೂಮಿನಿಯಂ ಅಷ್ಟೆ. ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಅದ್ದಿ ಮೆತ್ತಿದ ಜಾಗಕ್ಕಷ್ಟೇ ಮುಟ್ಟಿಸಿದರೆ ಬುರುಬುರು ನೊರೆ ಏಳುತ್ತದೆ. ನೊರೆ ನಿಂತರೆ ಅಲ್ಯೂಮಿನಿಯಂ ಹೋಯಿತು ಎಂದು ಲೆಕ್ಕ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಕಿಂಡಿಗಳ ಅಂಚಿನಲ್ಲಿ ಲೇಪವಿಲ್ಲದ ಅಲ್ಯೂಮಿನಿಯಂ ಇರುತ್ತದೆ, ಆಸಿಡ್ ಅಲ್ಲಿಗೆ ತಾಗಿದರೆ ಅದನ್ನೂ ತಿನ್ನುತ್ತದೆ. ಈ ಕೆಲಸ ಬಯಲಲ್ಲಿ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ಆಗಬೇಕು.

ಇದೇ ಜಾಗದಲ್ಲಿ ಇನ್ನೊಂದು ಮಾತು. ಹಳೆಯ ಗರಗಸಗಳ ಮೈ ಬಹುಪಾಲು ಮೆಗ್ನೀಸಿಯಂ. ಹಿತ್ತಾಳೆ ಪಾತ್ರೆಯ ಅಭ್ಯಾಸದಲ್ಲಿ ಹುಣಸೆಹುಳಿಯನ್ನೋ ನಿಂಬೆಯನ್ನೋ ಹಾಕಿ ಉಜ್ಜಿದರೆ ಹುಳಿಗೆ ಲೋಹವೇ ಕರಗುತ್ತದೆ. ಸೀಮೆಎಣ್ಣೆ, ಬ್ರಶ್ಶು ಸಾಕು. ಮೆಗ್ನೀಸಿಯಂ ಪುಡಿಗೆ ಕಿಡಿ ಬಿದ್ದರೆ ನೀರು ಹಾಕಿ ಆರಿಸುವಂತಿಲ್ಲ. ಗ್ರೈಂಡರ್ ಮುಟ್ಟುವುದಿದ್ದರೆ ಪಕ್ಕದಲ್ಲಿ ಒಣಮರಳು ಇರಲಿ.

ಹೊಸ ಪಿಸ್ಟನ್ ಕೂರಿಸುವಾಗ ಅದರ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿರಲಿ. ರಿಂಗನ್ನು ಒಂಟಿಯಾಗಿ ಬೋರಿನೊಳಗೆ ನೇರವಾಗಿ ತಳ್ಳಿ ಬಾಯಿಯ ಅಂತರ ಅಳೆಯಿರಿ. ಈ ಗಾತ್ರದ ಬೋರಿಗೆ ಕಾಲು ಮಿಲಿಮೀಟರ್ ಆಸುಪಾಸು ಇರಬೇಕು, 1 ಮಿ.ಮೀ. ದಾಟಿದ ರಿಂಗು ಸವೆದದ್ದು. ಪಿನ್ನಿನ ಸರ್ಕ್ಲಿಪ್ ಹೊಸದೇ ಬೇಕು, ಅದರ ಬಾಯಿ ನೇರ ಮೇಲಕ್ಕೋ ನೇರ ಕೆಳಕ್ಕೋ ಇರಬೇಕು. ಅಗ್ಗದ ಸಿಲಿಂಡರಿನಲ್ಲಿ ಕಿಂಡಿಯ ಅಂಚು ಚೂಪಾಗಿ ಉಳಿದಿದ್ದರೆ ರಿಂಗು ಅಲ್ಲಿ ಸಿಕ್ಕಿ ಮುರಿಯುತ್ತದೆ. ಬೆರಳಾಡಿಸಿ ನೋಡಿ, ಬೇಕಾದರೆ ನುಣ್ಣನೆಯ ಕಲ್ಲಿನಿಂದ ಅಂಚು ಮುರಿಯಿರಿ.

ಸೀಲು ತೆಗೆಯಲು ಕ್ಲಚ್ಚನ್ನೂ ಮ್ಯಾಗ್ನೆಟ್ಟನ್ನೂ (ಅಯಸ್ಕಾಂತವಿರುವ ಫ್ಲೈವೀಲ್) ಬಿಚ್ಚಬೇಕು. ಪಿಸ್ಟನ್ ತಡೆಯಲು ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಕಬ್ಬಿಣದ ಕಡ್ಡಿ ಬೇಡ. ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ದಾಟಿ ಮೇಲೆ ಬಂದ ಮೇಲೆಯೇ ಹಗ್ಗ ಹಾಕಬೇಕು, ಇಲ್ಲದಿದ್ದರೆ ಹಗ್ಗ ಕಿಂಡಿಯಲ್ಲಿ ಸಿಕ್ಕಿ ತುಂಡಾಗುತ್ತದೆ. ಕ್ಲಚ್ ಬದಿಯ ಮರೆ (ಥ್ರೆಡ್) ಬಹುತೇಕ ಗರಗಸಗಳಲ್ಲಿ ಎಡಗೈ ಮರೆ. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಉದ್ದ ಪೈಪು ಹಾಕಿ ಬಿಗಿದು ಕ್ರ್ಯಾಂಕ್ ಮುರಿದವರಿದ್ದಾರೆ. ಮ್ಯಾಗ್ನೆಟ್ಟಿಗೆ ಪುಲ್ಲರ್ ಬಳಸಿ. ಹೊಸ ಸೀಲಿನ ತುಟಿ ಒಳಮುಖವಾಗಿರಲಿ, ತುಟಿಗೆ ಚೂರು ಗ್ರೀಸ್ ಸವರಿ.

ಈಗ ಬಹುಜನ ಬಿಟ್ಟುಬಿಡುವ ಪರೀಕ್ಷೆ. ಎಕ್ಸಾಸ್ಟ್ ಕಿಂಡಿಗೆ ಹಳೇ ಟ್ಯೂಬಿನ ರಬ್ಬರ್ ಇಟ್ಟು ಸೈಲೆನ್ಸರಿನಿಂದಲೇ ಬಿಗಿಯಿರಿ. ಕಾರ್ಬುರೇಟರ್ ಕೂರುವ ಜಾಗಕ್ಕೂ ರಬ್ಬರ್ ಸಮೇತ ಒಂದು ತಗಡು ಬಿಗಿಯಿರಿ. ಪಿಸ್ಟನ್ ತಳದಲ್ಲಿರಲಿ. ಪ್ಲಗ್ ತೂತಿನಿಂದ ಕೈಪಂಪಿನಲ್ಲಿ ಅರ್ಧ ಬಾರ್, ಅಂದರೆ 7 ಪಿಎಸ್‌ಐ ಗಾಳಿ ತುಂಬಿ. 20 ಸೆಕೆಂಡು ಪಂಪಿನ ಗೇಜಿನ ಮುಳ್ಳು ಅಲುಗಬಾರದು. ಅಲುಗಿದರೆ ಸೋಪಿನ ನೀರು ಹಾಕಿ, ಗುಳ್ಳೆ ಎಲ್ಲೆಂದು ಹೇಳುತ್ತದೆ. ಆಮೇಲೆ ಅಷ್ಟೇ ಪ್ರಮಾಣದ ನಿರ್ವಾತ ಎಳೆಯಿರಿ. ಒತ್ತಡಕ್ಕೆ ಶಾಫ್ಟನ್ನು ತಬ್ಬುವ ಸೀಲಿನ ತುಟಿ ನಿರ್ವಾತಕ್ಕೆ ಬಿಟ್ಟುಕೊಡಬಹುದು, ಅದಕ್ಕೇ ಎರಡೂ ಬೇಕು. 20 ಸೆಕೆಂಡಿನಲ್ಲಿ ಮುಳ್ಳು ಅರ್ಧದಿಂದ 0.3ರ ತನಕ ಇಳಿದರೆ ಸಹಿಸಬಹುದು, ಅದಕ್ಕಿಂತ ಹೆಚ್ಚು ಇಳಿದರೆ ಮತ್ತೆ ಬಿಚ್ಚಿ.

ಕಿಡಿಯ ಕಡೆ ಕೆಲಸ ಕಡಿಮೆ. ಪಾಯಿಂಟಿನ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಸಂಪರ್ಕ) ಮುಖವನ್ನು 400ರ ನೀರುಕಾಗದದಲ್ಲಿ ಉಜ್ಜಿ, ಸ್ಪಿರಿಟ್ ಅದ್ದಿದ ಬಿಳಿ ಕಾಗದವನ್ನು ಅದರ ನಡುವೆ ಎಳೆಯಿರಿ, ಕಾಗದದಲ್ಲಿ ಕಲೆ ಕಾಣದಾಗುವ ತನಕ. ಅಂತರ 0.35ರಿಂದ 0.4 ಮಿ.ಮೀ. ಪ್ಲಗ್ 0.5. ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಬಿಗಿದರೆ ಬೇಕಾದ 0.2–0.3 ಸಿಗುತ್ತದೆ. ಮ್ಯಾಗ್ನೆಟ್ಟಿನ ಕೀ ಕತ್ತರಿಸಿದ್ದರೆ ಕಿಡಿಯ ಹೊತ್ತೇ ತಪ್ಪುತ್ತದೆ, ಉಳಿದದ್ದೆಲ್ಲ ಸರಿಯಿದ್ದರೂ ಸ್ಟಾರ್ಟ್ ಆಗದು.

ಯೆಜ್ಡಿ ಕೈ ತಡವರಿಸುವುದು ಕಾರ್ಬುರೇಟರಿನಲ್ಲಿ. ಇದರಲ್ಲಿ ಫ್ಲೋಟ್ ಇಲ್ಲ. ಗರಗಸವನ್ನು ಹೇಗೆ ತಿರುಗಿಸಿದರೂ ಓಡಬೇಕಲ್ಲ, ಹಾಗಾಗಿ ತೆಳು ರಬ್ಬರಿನ ಡಯಾಫ್ರಂ ಇರುತ್ತದೆ. ಕ್ರ್ಯಾಂಕ್ ಕೇಸಿನ ಉಸಿರಾಟವೇ ಅದರ ಪೆಟ್ರೋಲ್ ಪಂಪು. ಹಳೆಯ ಡಯಾಫ್ರಂ ಕರಿಯದ ಹಪ್ಪಳದಂತೆ ಸೆಡೆದಿರುತ್ತದೆ. ತಟ್ಟಿದರೆ ಸದ್ದು ಬಂದರೆ ಬದಲಾಯಿಸಿ. ಬಿಚ್ಚುವಾಗ ಪ್ರತಿ ಪದರಕ್ಕೂ ಫೋಟೋ ತೆಗೆಯಿರಿ, ಗ್ಯಾಸ್ಕೆಟ್, ಡಯಾಫ್ರಂ ಹಿಂದುಮುಂದಾದರೆ ಪೆಟ್ರೋಲೇ ಬರುವುದಿಲ್ಲ. ಸೂಜಿಯ ಲಿವರ್ ಬಹುತೇಕ ಟಿಲ್ಲಟ್‌ಸನ್ ಕಾರ್ಬುರೇಟರುಗಳಲ್ಲಿ ಕುಳಿಯ ನೆಲಕ್ಕೆ ಸಮನಾಗಿರಬೇಕು. ಎತ್ತರವಾದರೆ ಪೆಟ್ರೋಲ್ ಉಕ್ಕುತ್ತದೆ, ತಗ್ಗಿದರೆ ಹಸಿವು.

ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಆದ್ದರಿಂದ ಪೈಪು, ಡಯಾಫ್ರಂ ಎಥೆನಾಲ್ ತಡೆಯುವ ಹೊಸವೇ ಇರಲಿ, ಕೆಲಸ ಮುಗಿದ ದಿನವೇ ಟ್ಯಾಂಕು ಖಾಲಿ ಮಾಡಿ ಇಂಜಿನ್ ತಾನೇ ನಿಲ್ಲುವ ತನಕ ಓಡಿಸಿ. ಎಣ್ಣೆಯ ಲೆಕ್ಕ: ಹಳೆಯ ಕೈಪಿಡಿಗಳು ಮಾಮೂಲಿ ಟೂ-ಸ್ಟ್ರೋಕ್ ಎಣ್ಣೆಗೆ ಹೇಳಿದ್ದು 25ಕ್ಕೆ 1, ಅಂದರೆ ಲೀಟರಿಗೆ 40 ಮಿ.ಲೀ. ಎಣ್ಣೆಯ ಪಾಲು ಬದಲಿಸಿದಾಗಲೆಲ್ಲ ಕಾರ್ಬುರೇಟರನ್ನೂ ಮತ್ತೆ ಹೊಂದಿಸಬೇಕು. ಎಣ್ಣೆ ಹೆಚ್ಚಿದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ ಎಂಬುದನ್ನು ಜನ ಮರೆಯುತ್ತಾರೆ.

ಕಾರ್ಬುರೇಟರಿನ ಎರಡೂ ಸ್ಕ್ರೂಗಳನ್ನು ಮೆಲ್ಲಗೆ ಮುಚ್ಚಿ, ಒಂದೊಂದು ಸುತ್ತು ತೆರೆದು, ಈಗ ಹಗ್ಗ ಎಳೆಯಿರಿ. ಬಿಸಿಯಾದ ಮೇಲೆ ಪೂರ್ತಿ ಥ್ರಾಟಲಿನಲ್ಲಿ, ಮರ ಮುಟ್ಟದಿರುವಾಗ, ಸದ್ದು ಸ್ವಲ್ಪ ಗದಗದ ಎನ್ನಬೇಕು. ಮರದೊಳಗೆ ಇಳಿದ ಕೂಡಲೇ ಆ ಗದಗದ ನಿಂತು ಸ್ವರ ಸ್ಪಷ್ಟವಾಗಬೇಕು. ಬರಿಗಾಳಿಯಲ್ಲೇ ಕೀರಲು ಸ್ವರ ಬಂದರೆ ಪೂರ್ತಿ ಥ್ರಾಟಲಿನ ಸ್ಕ್ರೂ (H) ಇನ್ನಷ್ಟು ತೆರೆಯಿರಿ. ಥ್ರಾಟಲ್ ಬಿಟ್ಟರೂ ವೇಗ ಬೇಗ ಇಳಿಯದೆ ತೂಗಾಡಿದರೆ ಎಲ್ಲೋ ಗಾಳಿ ಸೋರುತ್ತಿದೆ. ತಕ್ಷಣ ನಿಲ್ಲಿಸಿ, ಪಂಪು ತನ್ನಿ.

ಚೈನು ಕೊಳ್ಳುವ ಮುನ್ನ ಮೂರು ರಿವೆಟ್ಟುಗಳ ಅಂತರ ಅಳೆಯಿರಿ. ಅದರ ಅರ್ಧವೇ ಪಿಚ್. 20.5 ಮಿ.ಮೀ. ಬಂದರೆ .404 ಇಂಚಿನ ಪಿಚ್, ಅದನ್ನು ಹರಿತ ಮಾಡಲು 5.5 ಮಿ.ಮೀ. ಅರ. 19 ಬಂದರೆ 3/8 ಇಂಚಿನ ಪಿಚ್. ಸ್ಪ್ರಾಕೆಟ್ಟಿನ ಪಿಚ್ಚೂ ಅದೇ ಇರಬೇಕು. ಆ ಹಳೆಯ ಕಾಲದ ಎಷ್ಟೋ ಗರಗಸಗಳಿಗೆ ಚೈನ್ ಬ್ರೇಕ್ ಇಲ್ಲ, ನಡುಕ ತಡೆಯುವ ರಬ್ಬರೂ ಇಲ್ಲ. ಬಾರಿನ (ಚೈನು ಸುತ್ತುವ ಉದ್ದ ಪಟ್ಟಿ) ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಒದ್ದು ಮುಖದತ್ತ ಬರುತ್ತದೆ, ತಡೆಯಲು ಯಾವುದೂ ಇಲ್ಲ. ಬಣ್ಣ ಬಳಿಯುವ ಆಸೆಯನ್ನು ಇಲ್ಲಿಯ ತನಕ ತಡೆದುಕೊಂಡಿದ್ದರೆ ಒಳ್ಳೆಯದು. ಹೊಸ ಬಣ್ಣದ ಮೇಲೆ ಸೋರಿದ ಪೆಟ್ರೋಲ್ ಅದನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ.

ಕೊನೆಗೆ ಬಾರಿನ ಮೂತಿಯನ್ನು ಒಂದು ತಿಳಿಬಣ್ಣದ ರಟ್ಟಿನಿಂದ ಗೇಣುದ್ದ ದೂರ ಹಿಡಿದು ಥ್ರಾಟಲ್ ಕೊಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಸಿಡಿದರೆ ಆಯಿಲ್ ಪಂಪು ಕೆಲಸ ಮಾಡುತ್ತಿದೆ. ಗೆರೆ ಬೀಳದಿದ್ದರೆ ಬಾರಿನ ಬುಡದ ಎಣ್ಣೆ ತೂತಿನಲ್ಲಿ ಹೊಟ್ಟು ಕಟ್ಟಿದೆಯೇ ನೋಡಿ, ತಂತಿ ಆಡಿಸಿ ಬಿಡಿಸಿ, ಮತ್ತೆ ರಟ್ಟು ಹಿಡಿಯಿರಿ.