ಪ್ರೆಸ್ ಪಕ್ಕ ಒಂದು ಬಕೆಟ್ ಮಡಗ್ರಪ್ಪಾ

ನಮಸ್ಕಾರ ಕಣ್ರಪ್ಪ, ಮಂಡ್ಯದಿಂದ ನಿಮ್ ಅಣ್ಣ ಮಾತಾಡ್ತಿರೋದು. ಇವತ್ತು ವೆಲ್ಡಿಂಗ್ ವಿಡಿಯೋ ಹಾಕ್ತೀನಿ ಅಂದಿದ್ದೆ, ಅದು ಅತ್ಲಾಗಿರ್ಲಿ ಬುಡಿ, ಮೊದ್ಲು ಒಂದು ಕಾಮೆಂಟ್ ಓದ್ತೀನಿ. "ಅಣ್ಣಾ, ನೀವ್ ಹೇಳಿದ್ರಿ ಅಂತ 20 ಟನ್ ಹೈಡ್ರಾಲಿಕ್ ಪ್ರೆಸ್ ತಂದೆ, ತಿಂಗ್ಳಿಗೆ ಒಂದು ಬೇರಿಂಗ್ ತಳ್ಳೋದು ಬುಟ್ರೆ ಏನೂ ಕೆಲ್ಸ ಇಲ್ಲ, ಈಗ ಅದರ ಮೇಲೆ ಹೆಲ್ಮೆಟ್ ಇಡ್ತಾ ಇದೀನಿ."

ಹೆಲ್ಮೆಟ್ಟಂತೆ! 20 ಟನ್ ತಡ್ಕೊಳೋ ಫ್ರೇಮ್ ಮೇಲೆ ಹೆಲ್ಮೆಟ್ ಮಡಗವ್ನೆ ಮಾರಾಯ.

ನೋಡು ತಮ್ಮ, ಪ್ರೆಸ್ಸಿಗೆ ಕೆಲ್ಸ ಇಲ್ಲ ಅನ್ನೋದು ಸುಳ್ಳು. ಕೆಲ್ಸ ಬಂದಾಗ ಒತ್ತೋ ಸಾಮಾನಿನ ಕೆಳಗೆ ಕೊಡೋಕೆ, ಮೇಲೆ ಕೊಡೋಕೆ ನಿನ್ನತ್ರ ತುಂಡುಗಳಿಲ್ಲ. ಪ್ರೆಸ್ ಅಂದ್ರೆ ಏನು, ಒಂದು ಜಾಕು, ಒಂದು ಫ್ರೇಮು, ಅದು ತಳ್ತದೆ ಅಷ್ಟೇ. ಎಲ್ಲಿ ತಳ್ಬೇಕು ಅಂತ ಹೇಳೋದು ಮಧ್ಯದಲ್ಲಿರೋ ತುಂಡು. ಅದಕ್ಕೇ ಹೇಳೋದು, ಪ್ರೆಸ್ ಪಕ್ಕ ಒಂದು ಹಳೇ ಪೇಂಟ್ ಬಕೆಟ್ ಮಡಗು, ಗುಜರಿ ಅಂಗಡಿಗೆ ಹೋಗಿ ಅದನ್ನ ತುಂಬ್ಕೊಂಡ್ ಬಾ.

ಏನ್ ತುಂಬ್ಕೋಬೇಕು? ಮುಕ್ಕಾಲು ಇಂಚಿನ ಜಿಐ ಪೈಪ್ ತಗೋ. ಹೊರಗಡೆ ಹತ್ರತ್ರ 27 ಎಂಎಂ, ಒಳಗೆ 21 ಮೇಲೆ ಚೂರು. 6204 ಅನ್ನೋ ನಂಬರಿನ ಬೇರಿಂಗ್ ಕೂರೋ ಶಾಫ್ಟ್ 20 ಎಂಎಂ. ಆ ಪೈಪು ಶಾಫ್ಟ್ ಮೇಲಿಂದ ಜಾರ್ಕೊಂಡು ಬಂದು ಬೇರಿಂಗಿನ ಒಳರಿಂಗ್ ಮೇಲೆ ಮಾತ್ರ ಕೂತ್ಕೊಳ್ತದೆ, ಸೀಲ್ ಮುಟ್ಟಲ್ಲ, ಬಾಲ್ ಮೇಲೆ ಭಾರ ಬೀಳಲ್ಲ. ದೇವ್ರು ಮಾಡ್ಕೊಟ್ಟಂಗೆ ಐತೆ. ಒಳಗಡೆ ವೆಲ್ಡಿಂಗ್ ಗೀಟು ಇರ್ತದಲ್ಲ, ಅದನ್ನ ಅರ ಹಾಕಿ ತೆಗೀರಿ, ಎರಡೂ ತುದಿ ಸಮತಟ್ಟಾಗಂಗೆ ಲೇತಲ್ಲಿ ಫೇಸಿಂಗ್ ಹೊಡ್ಸಿ, ಮುಗೀತು. ಅದೇ ಖುಷೀಲಿ 6203ಗೆ ಅರ್ಧ ಇಂಚ್ ಪೈಪ್ ತಗೊಂಡ್ ಹೋದ್ರೆ ಆಗಲ್ಲ, ಪೈಪ್ ಒಳಗೆ 16, ಶಾಫ್ಟ್ 17, ನಾನೇ ಬೆಪ್ಪನಂಗೆ ಕತ್ತರ್ಸಿ ತಂದು ನಿಂತಿದ್ದೆ.

ಬೇರಿಂಗನ್ನ ಶಾಫ್ಟಿಗೆ ಹಾಕುವಾಗ ಒಳರಿಂಗ್ ಒತ್ಬೇಕು, ಹೌಸಿಂಗಿಗೆ, ಅಂದ್ರೆ ಬೇರಿಂಗ್ ಕೂರೋ ಗೂಡಿಗೆ, ಹಾಕುವಾಗ ಹೊರರಿಂಗ್. ನಾನು ಶುರುವಲ್ಲಿ ಒಂದು ಪಂಪ್‌ಸೆಟ್ ಮೋಟ್ರಿನ ಶಾಫ್ಟಿಗೆ ಬೇರಿಂಗಿನ ಹೊರರಿಂಗ್ ಹಿಡ್ಕೊಂಡು ತಳ್ಬುಟ್ಟೆ, ಕೂತ್ಕೊಳ್ತು, ಚೆಂದಾಗೂ ತಿರುಗ್ತು, ಹದಿನೈದೇ ದಿನಕ್ಕೆ ಗೌಡ್ರು ವಾಪಸ್ ಹೊತ್ಕೊಂಡು ಬಂದ್ರು, ಮೋಟ್ರು ರಾಗಿ ಬೀಸೋ ಕಲ್ಲಿನಂಗೆ ಸದ್ದು ಮಾಡ್ತಿತ್ತು. ಬಾಲ್‌ಗಳು ತಾವು ಓಡೋ ರೇಸ್, ಅಂದ್ರೆ ರಿಂಗ್, ಮೇಲೆ ಗುಳಿ ಬೀಳ್ಸಿದ್ವು. ಯಾವ್ದಕ್ಕೆ ಇಷ್ಟೆಲ್ಲಾ? ಒಂದು ಪೈಪ್ ತುಂಡು ಇಲ್ದಿದ್ದಕ್ಕೆ! ಅವತ್ತು ಬಕೆಟ್ ಇದ್ದಿದ್ರೆ?

ಇನ್ನೊಬ್ಬ ಕೇಳವ್ನೆ, "ಇಂಥ ತುಂಡುಗಳ ರೆಡಿ ಸೆಟ್ ಸಿಗ್ತದಲ್ಲಣ್ಣ?" ಸಿಗ್ತದೆ ಕಣಪ್ಪ, ಬಾಕ್ಸ್ ಚೆನ್ನಾಗಿರ್ತದೆ, ಗೋಡೆಗೆ ನೇತಾಕ್ಕೋ. ಆಲೆಮನೆ ಕ್ರಷರಿಂದು ಬುಷ್, ಅದೇ ಶಾಫ್ಟ್ ತಿರುಗೋ ಲೋಹದ ಬಳೆ, ಬಂದಾಗ ಆ ಸೈಜು ಒಂದೇ ಅದರಲ್ಲಿರಲ್ಲ.

ಬರೀ ಬೇರಿಂಗ್ ಅಲ್ಲ. ಕಬ್ಬಿಣದ ಪಟ್ಟಿ ಬಗ್ಸೋಕೆ 40 ಎಂಎಂ ಆಂಗಲ್, ಅಂದ್ರೆ ಎಲ್ ಆಕಾರದ ಕಬ್ಬಿಣ, ತಗೊಂಡು ವಿ ಥರ ಬಾಯಿ ಮೇಲೆ ಮಾಡಿ ದಪ್ಪ ಪ್ಲೇಟಿಗೆ ವೆಲ್ಡ್ ಹೊಡೀರಿ, ಎರಡೂ ಕಡೆ ಸಪೋರ್ಟ್ ಕೊಡಿ. ಬಾಯಿ ಸುಮಾರು 50 ಎಂಎಂ ಆಯ್ತದೆ. ಬೆಂಡ್ ಮಾಡೋರು ಹೇಳೋ ಲೆಕ್ಕ, ವಿ ಬಾಯಿ ಪಟ್ಟಿ ದಪ್ಪದ ಎಂಟರಷ್ಟಿರ್ಬೇಕು ಅಂತ, ಅಲ್ಲಿಗೆ 6 ಎಂಎಂ ಪಟ್ಟಿಗೆ ಸರಿಹೋಯ್ತು. 50 ಎಂಎಂ ಅಗಲದ ಪಟ್ಟಿ ಬಗ್ಸೋಕೆ ಎರಡು ಎರಡೂವರೆ ಟನ್ ಸಾಕು, ನಿನ್ನತ್ರ 20 ಐತೆ! ಗೇಟ್ ಕ್ಲಾಂಪು, ಟ್ರೈಲರ್ ಬ್ರಾಕೆಟ್ಟು, ಎಲ್ಲಾ ಮನೇಲೆ. ಎರಡು ವಿ ಬ್ಲಾಕ್, ಅಂದ್ರೆ ಶಾಫ್ಟ್ ಕೂರೋಕೆ ವಿ ಗುಳಿ ಇರೋ ಕಬ್ಬಿಣದ ತುಂಡು, ಇದ್ರೆ ಡೊಂಕು ಶಾಫ್ಟೂ ನೆಟ್ಟಗಾಯ್ತದೆ, ಬುಟ್ಟ ತಕ್ಷಣ ಒಂಚೂರು ವಾಪಸ್ ಬರ್ತದೆ, ಅದಕ್ಕೆ ಸ್ವಲ್ಪ ಜಾಸ್ತಿನೇ ಒತ್ಬೇಕು, ಎಷ್ಟು ಡೊಂಕೈತೆ ಅಂತ ತೋರ್ಸೋ ಡಯಲ್ ಗೇಜ್ ಇಟ್ಕೊಂಡು. ಇದ್ಯಾವ್ದೂ ಪ್ರೆಸ್ಸಿನ ಜತೆ ಬರಲ್ಲ. ಎಲ್ಲಿಂದ ಬರ್ತದೆ? ಬಕೆಟ್ಟಿಂದ!

ಅಂದಂಗೆ ಈ ಪ್ರೆಸ್ಸಿಗೆ 1795ರಲ್ಲಿ ಪೇಟೆಂಟ್ ತಗೊಂಡಿದ್ದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅದಕ್ಕೂ ಮುಂಚೆ 1778ರಲ್ಲಿ ಕಕ್ಕಸ್ಸಿನ ಫ್ಲಶ್ಶಿಗೂ ಪೇಟೆಂಟ್ ತಗೊಂಡಿದ್ದ. ಎರಡೂ ಒತ್ತೋ ವಿಷ್ಯನೇ. ನಗ್ಬೇಡಿ, ಲೈಕ್ ಒತ್ತಿ, ಅದಕ್ಕೆ 20 ಟನ್ ಬೇಡ.

"ಅಣ್ಣಾ, ಸುತ್ತಿಗೆ ಸಾಕಲ್ವಾ, ನಮ್ಮಪ್ಪ ಸುತ್ತಿಗೇಲೇ ಮಾಡ್ತಿದ್ರು." ನಿಮ್ಮಪ್ಪ ಕೆಆರ್‌ಎಸ್ಸಿಗೆ ಸೈಕಲ್ಲಲ್ಲಿ ಹೋಗ್ತಿದ್ರು, ನೀನ್ಯಾಕೆ ಬುಲೆಟ್ ತಗೊಂಡೆ? "ಟೈಮ್ ಇಲ್ಲಣ್ಣ." ರೀಲ್ಸ್ ನೋಡೋಕೈತೆ. "ಲೇತ್ ಇಲ್ಲಣ್ಣ." ಊರಲ್ಲಿ ಇಲ್ವೇನಪ್ಪ? ಹತ್ತು ತುಂಡು ಒಟ್ಟಿಗೆ ಕೊಡು, ಒಂದು ಟೀ ಕುಡ್ಸು.

ಒಂದು ಮಾತ್ರ ತಮಾಷೆ ಅಲ್ಲ. ಹಳೇ ಬೇರಿಂಗ್ ರೇಸ್, ಬೀಡು ಕಬ್ಬಿಣದ ಪ್ಲೇಟು ಇವೆಲ್ಲ ಬಗ್ಗಲ್ಲ, ಸಿಡೀತವೆ. ಓರೆಯಾಗಿದ್ರೆ ಒತ್ಬೇಡಿ, ಎದುರಿಗೆ ಮುಖ ಕೊಟ್ಟು ನಿಲ್ಬೇಡಿ, ಸೇಫ್ಟಿ ಕನ್ನಡಕ ಹಾಕಿ. ನಮ್ಮ ಶೆಡ್ಡಿನ ಶೀಟಲ್ಲಿ ಒಂದು ತೂತೈತೆ, ಮಳೆ ಬಂದಾಗೆಲ್ಲ ಅಲ್ಲಿಂದ ತೊಟ್ಟಿಕ್ತದೆ. ಅದು ಹೆಂಗಾಯ್ತು ಅಂತ ನಮ್ಮನೇಲಿ ಇನ್ನೂ ಹೇಳಿಲ್ಲ.

ಸಬ್‌ಸ್ಕ್ರೈಬ್ ಮಾಡ್ಕೊಳಿ, ಮುಂದಿನ ವಾರ ನನ್ ಬಕೆಟ್ ಪೂರ್ತಿ ಸುರ್ದು ತೋರಿಸ್ತೀನಿ, ಒಂದೊಂದು ತುಂಡಿಗೂ ಒಂದೊಂದು ಕತೆ ಐತೆ. ಯಾಕೆ ಬಕೆಟ್ಟೇ, ಡಬ್ಬ ಆಗಲ್ವಾ ಅಂತ ಕೇಳ್ಬೇಡಿ. ಬಕೆಟ್ ಅಂದ್ರೆ ಬಕೆಟ್. ಯಾಕೆ ಅಂದ್ರೆ... ಹಿಡಿ ಇರ್ತದೆ ಕಣ್ರಪ್ಪ! ಹೆಲ್ಮೆಟ್ ತಮ್ಮ, ನೀನು ಮೊದ್ಲು ಹೆಲ್ಮೆಟ್ ತೆಗಿ, ಬಕೆಟ್ ಮಡಗು, ಫೋಟೋ ಹಾಕು. ಯಾರೋ ಟಿಲ್ಲರ್ ತಂದವ್ರೆ, ಬಂದೇ ಇರಿ ಗೌಡ್ರೇ, ಆಫ್ ಮಾಡ್ಬುಡ್ತೀನಿ.