ಬಾಡಿಗೆ ಮನೆಯ ಅಡುಗೆ ಕಟ್ಟೆಗೆ ಯಾವ ಕಲ್ಲು ಹಾಕಿಸೋದು?

ನಮಸ್ಕಾರ ಎಲ್ಲರಿಗೂ. ಇವತ್ತು ಅಪ್ಪನ ಜೊತೆ ಬೆಂಗಳೂರು ಹತ್ತಿರದ ಜಿಗಣಿಗೆ ಬಂದಿದ್ದೇನೆ. ರಸ್ತೆ ಪಕ್ಕ ಸಾಲಾಗಿ ನಿಂತಿರುವುದೆಲ್ಲಾ ಗ್ರಾನೈಟ್ ಸ್ಲ್ಯಾಬ್‌ಗಳೇ. ನಮ್ಮ ಮನೆಯ ಮೇಲಿನ ಪೋರ್ಷನ್ ಖಾಲಿಯಾಗಿದೆ. ಎರಡು ಬೆಡ್‌ರೂಮ್ ಮನೆ. ಮತ್ತೆ ಬಾಡಿಗೆಗೆ ಕೊಡುವ ಮುಂಚೆ ಅಡುಗೆ ಕಟ್ಟೆ ಬದಲಾಯಿಸಬೇಕು.

ಹಳೇದು ಕಡಪ ಕಲ್ಲು. ಕಿತ್ತು ಹಾಕುವ ಮುಂಚೆ ತೆಗೆದ ಕ್ಲಿಪ್ ಇದು. ಒಲೆ ಪಕ್ಕ ಮಂಕಾದ ಉಂಗುರ ಕಾಣುತ್ತಿದೆಯಲ್ಲಾ, ಅದು ಹುಣಸೆಹುಳಿ ಬಟ್ಟಲಿನ ಗುರುತು. ಎಷ್ಟು ಉಜ್ಜಿದರೂ ಹೋಗಲ್ಲ. ಕಡಪ ಅಂದರೆ ಸುಣ್ಣದ ಕಲ್ಲು. ಹುಳಿ ಬಿದ್ದರೆ ಪಾಲಿಶ್ ಹೋಯಿತು ಅಂತಲೇ ಲೆಕ್ಕ. ಆದರೆ ಅಗ್ಗ. ಕಟ್ಟೆಯ ಕೆಳಗಿನ ಶೆಲ್ಫಿಗೆ ಅದನ್ನೇ ಹಾಕಿಸುತ್ತಿದ್ದೇವೆ, ಅಲ್ಲಿಗೆ ಸಾಕು.

ಮಾರ್ಬಲ್ ಕಥೆಯೂ ಅದೇ, ಮೇಲೆ ಅರಿಶಿನದ ಕಲೆ ಬೇರೆ. ಮುಂದೆ ಹೋಗೋಣ.

ಈ ಬಿಳಿ ಕ್ವಾರ್ಟ್ಜ್ ನೋಡಿದರೆ ನನಗೂ ಆಸೆ. ಕಲೆ ಬೇಗ ಹಿಡಿಯಲ್ಲ. ಆದರೆ ಇದು ಕಲ್ಲಿನ ಪುಡಿಗೆ ರೆಸಿನ್, ಅಂದರೆ ಪ್ಲಾಸ್ಟಿಕ್ ಥರದ ಅಂಟು, ಬೆರೆಸಿ ಮಾಡಿದ್ದು. ಒಲೆಯಿಂದ ಇಳಿಸಿದ ಬಾಣಲೆಯನ್ನು ಹಾಗೇ ಇಟ್ಟರೆ ರೆಸಿನ್ ಸುಟ್ಟು ಗುರುತು ಬೀಳಬಹುದು. ನಾವಾದರೆ ನೋಡಿಕೊಂಡು ಇಡುತ್ತೇವೆ. ಬಾಡಿಗೆಯವರಿಗೆ ದಿನಾ ಹೋಗಿ ಹೇಳೋಕಾಗುತ್ತಾ? ಅದೂ ಅಲ್ಲದೆ, ಇದನ್ನು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶ ಹಾಳು ಮಾಡುತ್ತದೆ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈನಿಂದ ಈ ಥರದ ಕಲ್ಲನ್ನೇ ನಿಷೇಧಿಸಿದೆ. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಕಮ್ಮಿ ಅಷ್ಟೇ. ಯಾವ ಕಲ್ಲೇ ಆಗಲಿ, ನೀರು ಬಿಟ್ಟುಕೊಂಡು ಕೊಯ್ಯಿ ಅಂತ ಹೇಳಿ.

ಹಾಗಾಗಿ ನಮಗೆ ಗ್ರಾನೈಟೇ. ಅಪ್ಪನಿಗೆ ಕಡುಗಪ್ಪು ಇಷ್ಟ. ನಾನು ಬೇಡ ಅಂದೆ. ನಮ್ಮದು ಬೋರ್‌ವೆಲ್ ನೀರು, ಕಪ್ಪು ಕಲ್ಲಿನ ಮೇಲೆ ಒಣಗಿದರೆ ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಅಲ್ಲದೆ ಕೆಲವು ಕಡೆ ಬೂದು ಕಲ್ಲಿಗೆ ಬಣ್ಣ ಹಾಕಿ ಕಪ್ಪು ಅಂತ ಮಾರುತ್ತಾರೆ. ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆ ಕಪ್ಪಾಯಿತಾ, ಸುಮ್ನೆ ಜಾಗ ಖಾಲಿ ಮಾಡಿ.

ಕೊನೆಗೆ ಆರಿಸಿದ್ದು ಟ್ಯಾನ್ ಬ್ರೌನ್. ತೆಲಂಗಾಣದ ಕರೀಂನಗರದ ಕಡೆಯ ಕಲ್ಲು. ಕಪ್ಪಿನ ಮೇಲೆ ಕಂದು ಚುಕ್ಕಿ, ಎಣ್ಣೆ ಜಿಡ್ಡಾಗಲಿ ಸಾರಿನ ಹನಿಯಾಗಲಿ ಕಣ್ಣಿಗೆ ಹೊಡೆಯಲ್ಲ.

ಅಪ್ಪ ರೇಟಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡಿದರು. ನಮ್ಮ ಕಟ್ಟೆ 10 ಅಡಿ ಉದ್ದ, 2 ಅಡಿ ಅಗಲ. ಒಟ್ಟು 20 ಚದರ ಅಡಿ. ಚದರ ಅಡಿಗೆ 50 ರೂಪಾಯಿ ಇಳಿಸಿದರೂ ಉಳಿಯುವುದು 1,000 ರೂಪಾಯಿ. ಚೌಕಾಸಿ ಮಾಡೋದಕ್ಕಿಂತ, ದೊಡ್ಡ ಆರ್ಡರ್‌ಗಳಲ್ಲಿ ಮಿಕ್ಕ ತುಂಡುಗಳಿವೆಯಾ ಅಂತ ಕೇಳಿ. ಇಷ್ಟು ಚಿಕ್ಕ ಕಟ್ಟೆಗೆ ಅದೇ ಸಾಕಾಗಬಹುದು, ರೇಟೂ ಇಳಿಯುತ್ತದೆ.

ಉಳಿದ ದುಡ್ಡನ್ನು ನಾನು ಸಿಂಕ್ ಹತ್ತಿರ ಹಾಕುತ್ತೇನೆ. ಗ್ರಾನೈಟ್ ಕಟ್ಟೆ ಸಾಮಾನ್ಯವಾಗಿ ಒಡೆಯುವುದು ಅಲ್ಲೇ. ಸಿಂಕಿಗೆ ಕೊಯ್ದ ಮೇಲೆ ಮುಂದುಗಡೆ ಮೂರು ನಾಲ್ಕು ಬೆರಳಗಲದ ಪಟ್ಟಿ ಮಾತ್ರ ಉಳಿಯುತ್ತದೆ. ತೂತಿನ ಮೂಲೆಗಳನ್ನು ಚೂಪಾಗಿ ಕೊಯ್ದರೆ ಬಿರುಕು ಶುರುವಾಗುವುದು ಆ ಮೂಲೆಯಿಂದಲೇ. ಅದಕ್ಕೇ ಮೂಲೆ ದುಂಡಗಿರಲಿ, ಪಟ್ಟಿಯ ಕೆಳಗೆ ಇನ್ನೊಂದು ಕಲ್ಲಿನ ಆಸರೆ ಕೊಡಿ ಅಂದೆ. ಕಟ್ಟೆಯ ಅಂಚಿಗೂ ಹಾಫ್ ರೌಂಡ್ ಹೇಳಿದೆ. ಚೂಪಾದ ಅಂಚು ಪಾತ್ರೆ ತಗುಲಿದರೆ ಚಕ್ಕೆ ಏಳುತ್ತದೆ.

ಮೇಸ್ತ್ರಿ ಕೇಳಿದರು, "ಅಕ್ಕಾ, ಬಾಡಿಗೆ ಮನೆಗೆ ಇಷ್ಟೆಲ್ಲಾ ಯಾಕೆ?"

"ಬಾಡಿಗೆಯವರೂ ಕಟ್ಟೆ ಅಂಚಿಗೇ ತೆಂಗಿನಕಾಯಿ ಕುಟ್ಟುತ್ತಾರಲ್ವಾ ಅಣ್ಣಾ?"

ಅಪ್ಪ ಆ ಕಡೆ ತಿರುಗಿಕೊಂಡರು. ಕೆಳಗಿನ ಮನೆಯಲ್ಲಿ ಕುಟ್ಟುವವರು ಅವರೇ.

ಈಗ ಕಲ್ಲು ಗಾಡಿಗೆ ಏರುತ್ತಿದೆ. ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸಿದರೆ ಗುಂಡಿ ರಸ್ತೆಯಲ್ಲೇ ಬಿರುಕು ಬಿಡಬಹುದು. ಕೂರಿಸುವ ಕೆಲಸ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.