ಮರಳಿಗಿಂತ ಭಾರವೇ ಕಷ್ಟ: ನಮೀಬಿಯಾದಲ್ಲಿ ಬೈಕ್ ತಂಡ

ಕೇಳುಗರಿಗೆ ನಮಸ್ಕಾರ. ನೈರುತ್ಯ ಆಫ್ರಿಕಾದ ನಮೀಬಿಯಾದಲ್ಲಿ ನಮ್ಮ ಹಾಗೆ ಎಡಬದಿಯ ಸಂಚಾರ. ಆ ಮಟ್ಟಿಗೆ ನಮ್ಮವರಿಗೆ ಸಲೀಸು. ಎಟೋಷಾ ರಾಷ್ಟ್ರೀಯ ಉದ್ಯಾನದ ಚಿತ್ರ ನೋಡಿ ಬೈಕ್ ಬಾಡಿಗೆಗೆ ಹಿಡಿಯುವವರು ಮಾತ್ರ ಮೊದಲೇ ತಿಳಿದಿರಲಿ: ಸಿಂಹಗಳಿರುವ ಆ ಉದ್ಯಾನದೊಳಕ್ಕೆ ಬೈಕ್ ಬಿಡುವುದಿಲ್ಲ. ಬೈಕ್ ತಂಡಕ್ಕೆ ತಕ್ಕ ಸೀಮೆ ವಾಯವ್ಯದ ಕಾವೊಕೋಲ್ಯಾಂಡ್, ಹಿಂಬಾ ಜನರ ನಾಡು. ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಜನವರಿಯಿಂದ ಮಾರ್ಚ್‌ವರೆಗೆ ಮಳೆ ಬಿದ್ದರೆ ಬತ್ತಿದ ನದಿಗಳು ಗಂಟೆಯೊಳಗೆ ತುಂಬಿ ದಾರಿ ಕಡಿಯುತ್ತವೆ.

ಮರಳುಗಾಡೆಂದರೆ ಎಲ್ಲರಿಗೂ ಮರಳಿನದೇ ಹೆದರಿಕೆ. ನಿಜವಾಗಿ ಸವಾರನನ್ನು ಕೆಡವುವುದು ಅವನೇ ಹೇರಿಕೊಂಡ ಭಾರ. ಲೆಕ್ಕ ಹಾಕಿ ನೋಡೋಣ. ಸೆಸ್‌ಫಾಂಟೇನ್ ಎಂಬ ಊರಿನಿಂದ ಪುರೋಸ್, ಒರುಪೆಂಬೆ ಸುತ್ತಿ ಒಪುವೋ ಪಟ್ಟಣ ಮುಟ್ಟಲು ಸುಮಾರು 400 ಕಿಲೋಮೀಟರ್. ನಡುವೆ ನಂಬಬಹುದಾದ ಪೆಟ್ರೋಲ್ ಬಂಕ್ ಇಲ್ಲ. ಡಾಂಬರಿನ ಮೇಲೆ ಲೀಟರಿಗೆ 22 ಕೊಡುವ 650 ಸಿಸಿ ಬೈಕು ಮರಳಿನಲ್ಲಿ 15ಕ್ಕೆ ಇಳಿಯುತ್ತದೆ. ಅಲ್ಲಿಗೆ 27 ಲೀಟರ್ ಆಯಿತು. ದಾರಿ ತಪ್ಪಿದರೆ ಇರಲೆಂದು ಇನ್ನೂ 5 ಸೇರಿಸಿ. ನೀರು ಒಬ್ಬರಿಗೆ ದಿನಕ್ಕೆ 6 ಲೀಟರ್; ಆರು ಜನರಿಗೆ ಎರಡು ದಿನಕ್ಕೆ 72 ಲೀಟರ್, ಅಂದರೆ 72 ಕಿಲೋ. ಇಷ್ಟನ್ನು ಬೈಕುಗಳ ಹಿಂದೆ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ, ಹ್ಯಾಂಡಲ್ ಹೇಳಿದ ಮಾತು ಕೇಳುವುದಿಲ್ಲ. ಅದಕ್ಕೇ ತಂಡದ ಜೊತೆ ಒಂದು ಫೋರ್-ವೀಲ್ ಪಿಕಪ್ ಬೇಕು. ಅಲ್ಲಿನವರು ಅದನ್ನು ‘ಬಕ್ಕಿ’ ಎನ್ನುತ್ತಾರೆ. ಪೆಟ್ರೋಲ್, ನೀರು, ಡೇರೆ ಎಲ್ಲ ಬಕ್ಕಿಯಲ್ಲಿ. ಆದರೂ ಪ್ರತಿ ಸವಾರನ ಬೆನ್ನಿಗೆ 3 ಲೀಟರ್ ನೀರಿನ ಚೀಲ ಇರಲೇಬೇಕು. ಬಕ್ಕಿ ಎಲ್ಲೋ ಹೂತುಕೊಂಡಾಗ ಕೈಗೆ ಸಿಗುವ ನೀರು ಅದೊಂದೇ.

ಇನ್ನು ಟೈರಿನ ಗಾಳಿ. ಜಲ್ಲಿ ರಸ್ತೆಗೆ ಮುಂದೆ 24, ಹಿಂದೆ 28 ಪಿಎಸ್ಐ ಇದ್ದರೆ ಸರಿ. ಆಳ ಮರಳು ಸಿಕ್ಕಿದರೆ ಎರಡನ್ನೂ 16-18ಕ್ಕೆ ಇಳಿಸಿ; ಟೈರು ಅಗಲವಾಗಿ ಕೂತು ತೇಲುತ್ತದೆ. ಮರಳು ಮುಗಿದು ಕಲ್ಲು ಶುರುವಾಗುವ ಜಾಗದಲ್ಲೇ ಮತ್ತೆ ಗಾಳಿ ತುಂಬಬೇಕು. ಸೋಮಾರಿತನ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ. ಬ್ಯಾಟರಿಗೆ ಹಾಕುವ ಸಣ್ಣ ಕಂಪ್ರೆಸರ್, ಮುಂದಿನ ಮತ್ತು ಹಿಂದಿನ ಅಳತೆಯ ಎರಡೆರಡು ಟ್ಯೂಬ್ ಜೊತೆಗಿರಲಿ. ಅಲ್ಲಿನ ಜಾಲಿ ಜಾತಿಯ ಮರಗಳ ಮುಳ್ಳಿಗೆ ಟೈರು ಲೆಕ್ಕಕ್ಕೇ ಇಲ್ಲ, ನೆರಳು ಕಂಡಿತೆಂದು ಅವುಗಳ ಬುಡಕ್ಕೆ ಬೈಕ್ ನಿಲ್ಲಿಸಬೇಡಿ.

ಮರಳಲ್ಲಿ ಎದ್ದು ನಿಂತು ಓಡಿಸಬೇಕು. ಮೈಭಾರ ತುಸು ಹಿಂದೆ, ಮೊಣಕಾಲು ಟ್ಯಾಂಕಿಗೆ ಒತ್ತಿರಲಿ, ಕೈ ಸಡಿಲವಿರಲಿ, ನೋಟ ದೂರದಲ್ಲಿರಲಿ. ಹ್ಯಾಂಡಲ್ ಅಲುಗಾಡಿದಾಗ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟವರೇ ಬೀಳುವುದು. ಬಿಟ್ಟ ಕೂಡಲೇ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಂದು ಅದು ನೆಲಕ್ಕೆ ನಾಟುತ್ತದೆ. ಬದಲಿಗೆ ಆಕ್ಸಿಲರೇಟರನ್ನೇ ತುಸು ತಿರುವಿ. ಬೆಳಿಗ್ಗೆ ತಂಪಿಗೆ ಗಟ್ಟಿಯಾಗಿದ್ದ ಮರಳು ಮಧ್ಯಾಹ್ನ ಹಿಟ್ಟಿನಂತಾಗುವುದರಿಂದ ಕಷ್ಟದ ದಾರಿಯನ್ನು ಹತ್ತು ಗಂಟೆಯೊಳಗೆ ಮುಗಿಸಿದರೆ ಜಾಣತನ.

ಮರಳಿಗಿಂತ ಹೆಚ್ಚು ಕಾಡುವುದು ಜಲ್ಲಿ ರಸ್ತೆಯ ಮೇಲಿನ ಅಲೆ, ಒಗೆಯುವ ಕಲ್ಲಿನ ಗೀರಿನಂಥದ್ದು. ಗಂಟೆಗೆ 30ರಲ್ಲಿ ಹಲ್ಲು ಕಳಚುತ್ತದೆ. 70ರಲ್ಲಿ ಅಲೆಗಳ ತಲೆಯ ಮೇಲೇ ತೇಲಿ ಹೋಗುತ್ತದೆ, ಆದರೆ ಹಿಡಿತ ಇರುವುದಿಲ್ಲ, ತಿರುವಿನಲ್ಲಿ ಜಾರುತ್ತದೆ. ಈ ನಡುಕಕ್ಕೆ ಬೋಲ್ಟುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಲಗೇಜ್ ಕ್ಯಾರಿಯರ್, ಸೈಲೆನ್ಸರ್, ನಂಬರ್ ಪ್ಲೇಟು, ಸ್ಪ್ರಾಕೆಟ್ ಇವುಗಳ ಬೋಲ್ಟಿಗೆ ಹೊರಡುವ ಮೊದಲೇ ನೀಲಿ ಲಾಕ್‌ಟೈಟ್, ಅಂದರೆ ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು, ಹಚ್ಚಿ, ದಿನಾ ಸಂಜೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ನೋಡಿ. ಏರ್ ಫಿಲ್ಟರ್ ಕೂಡ ದಿನಾ ತೆಗೆಯಬೇಕು. ನುಣ್ಣನೆ ಧೂಳು ಅದನ್ನು ದಾಟಿ ಒಳಹೊಕ್ಕರೆ ಪಿಸ್ಟನ್ ರಿಂಗನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಯಾರಿಟ್ಟುಕೊಂಡರೆ ಬದಲಿಸಲು ಹತ್ತೇ ನಿಮಿಷ. ಚೈನಿಗೆ ಧಾರಾಳವಾಗಿ ಎಣ್ಣೆ ಸುರಿಯುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಮರಳು ಅಂಟಿ ಅರೆಯುವ ಮಸಾಲೆಯಾಗುತ್ತದೆ. ಬ್ರಷ್ಷಿನಿಂದ ಉಜ್ಜಿ, ತೆಳ್ಳಗೆ ವ್ಯಾಕ್ಸ್ ಹಚ್ಚಿದರೆ ಸಾಕು.

ಗುಂಪಿನಲ್ಲಿ ಹೋಗುವವರಿಗೆ ದೊಡ್ಡ ಶತ್ರು ಮುಂದಿನವನ ಧೂಳು. ಗಾಳಿ ಇಲ್ಲದ ದಿನ ಅದು ನಿಮಿಷಗಟ್ಟಲೆ ನಿಂತೇ ಇರುತ್ತದೆ. ಒಬ್ಬರಿಗೂ ಇನ್ನೊಬ್ಬರಿಗೂ ಒಂದು ನಿಮಿಷದ ಅಂತರ ಬಿಡಿ. ಕವಲು ಬಂದಾಗ ಮುಂದಿನವನು ನಿಂತು, ಹಿಂದಿನವನು ಕಣ್ಣಿಗೆ ಬಿದ್ದ ಮೇಲೇ ಹೊರಡಬೇಕು. ಈ ಒಂದು ನಿಯಮ ಪಾಲಿಸಿದರೆ ಯಾರೂ ಕಳೆದುಹೋಗುವುದಿಲ್ಲ. ಕಟ್ಟಕಡೆಯಲ್ಲಿ ತಂಡದ ಅತಿ ನುರಿತ ಸವಾರ, ಅವನ ಹಿಂದೆ ಬಕ್ಕಿ. ಅನೇಕ ತಂಡಗಳು ನುರಿತವನನ್ನು ಮುಂದಕ್ಕೆ ಬಿಡುತ್ತವೆ. ಬಿದ್ದವನನ್ನು ಎತ್ತುವವನು ಆಗ ಮೈಲುಗಟ್ಟಲೆ ಆಚೆ ಇರುತ್ತಾನೆ. ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ಬಕ್ಕಿಯಲ್ಲಿ ಸ್ಯಾಟಲೈಟ್ ಫೋನ್ ಇರಲಿ.

ನಾಲ್ಕು ಗಂಟೆಗೆಲ್ಲ ಬೀಡು ಬಿಡಬೇಕು, ಏಕೆಂದರೆ ಅಲ್ಲಿ ಕತ್ತಲೆ ಬೇಗ ಕವಿಯುತ್ತದೆ, ಮುಸ್ಸಂಜೆಗೆ ಕೂಡೂ ಎಂಬ ದೊಡ್ಡ ಚಿಗರೆಗಳು ರಸ್ತೆಗೆ ಹಾರುತ್ತವೆ. ಹೊವಾನಿಬ್, ಹೊವಾರುಸಿಬ್ ನದಿಪಾತ್ರಗಳ ನುಣುಪು ಮರಳು ಮಲಗಲು ಕರೆಯುತ್ತದೆ. ಅದೇ ಮರುಭೂಮಿಯ ಆನೆಗಳ ಹೆದ್ದಾರಿ. ದಂಡೆಯ ಮೇಲೆ, ಆನೆ ಲದ್ದಿ ಇಲ್ಲದ ಕಡೆ ಡೇರೆ ಹಾಕಿ. ಪುರೋಸ್‌ನಲ್ಲಿ ಊರವರೇ ನಡೆಸುವ ಕ್ಯಾಂಪ್ ಇದ್ದರೆ ಅದೇ ಮೇಲು. ಮಾಮೂಲು ಗೂಟ ಮರಳಲ್ಲಿ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂಳಿ. ಜುಲೈ-ಆಗಸ್ಟಿನ ರಾತ್ರಿ ಕೊರೆಯುವ ಚಳಿ. ಬೂಟುಗಳನ್ನು ಡೇರೆಯೊಳಗಿಟ್ಟು, ಬೆಳಿಗ್ಗೆ ತಪ್ಪದೆ ಕೊಡವಿ ಹಾಕಿಕೊಳ್ಳಿ: ಮುಂದಿನ ಇಕ್ಕಳ ಸಣ್ಣ, ಬಾಲ ದಪ್ಪ ಇರುವ ಚೇಳು ಕಂಡರೆ ಅದರ ವಿಷ ಜೋರು. ದಪ್ಪ ಇಕ್ಕಳ, ತೆಳು ಬಾಲದ್ದು ಕಚ್ಚಿದರೆ ಸಾಮಾನ್ಯವಾಗಿ ಉರಿ ಮಾತ್ರ ಎನ್ನಬಹುದು.